ದೆತ್ತೆ

ಹಂಪನಕಟ್ಟೆಯಲ್ಲಿ ಒಂದು ಚಪ್ಪಲಿ ಅಂಗಡಿ,
ಅದರ ಮೇಲಕ್ಕೆ ಹದಿನೇಳು ಮರದ ಮೆಟ್ಟಿಲು,
ಹನ್ನೊಂದನೆಯದು ಅಲುಗುತ್ತದೆ.
ಸಂಜೆ ಐದೂವರೆಗೆ ನಾವು ನಾಲ್ವರು, ಒಂದು ಫ್ಯಾನು,
ಮತ್ತು ಮಾರ್ಸೆಲಿನ್ ಬಾಯಿ:
ಮೂವತ್ತೊಂದು ವರ್ಷ ಕೋರ್ಟಿನಲ್ಲಿ ನಿಂತು
ತುಳುವನ್ನು, ಕೊಂಕಣಿಯನ್ನು ಕನ್ನಡದ ದಡಕ್ಕೆ ದಾಟಿಸಿದವರು.
ಬೀದಿಯವರಿಗೆಲ್ಲ ಅವರು ಬಾಯಿ.
ಕಟಕಟೆ ಹತ್ತಿದವರಿಗೂ ಅವರೇ ಬಾಯಿ.

ಮೊದಲ ದಿನ ಒಂದು ಹಳೆಯ ಜಗಳ ಓದಿದರು,
ಒಂದು ಬಾವಿ, ಎರಡು ಬೇಲಿ, ಮೂವರು ನಾದಿನಿಯರು.
ನಾನು ಬರೆದೆ, ಬರೆದೆ, ಪೆನ್ಸಿಲು ಬೆವರಿತು.
'ಬೇಲಿ ಕಿತ್ತದ್ದು ಯಾರು?' ಎಂದಾಗ
ಪುಟದ ತುಂಬ ಅಕ್ಷರ, ತಲೆಯ ತುಂಬ ಫ್ಯಾನಿನ ಸದ್ದು.
'ಎಲ್ಲ ಬರೆದರೆ ಕೇಳುವುದು ಯಾವಾಗ ಮಾರಾಯ್ತಿ?
ಬಂಗುಡೆ ತಾ ಅಂದರೆ ಸಮುದ್ರವನ್ನೇ ಹೊತ್ತು ತಂದಿದ್ದೀ.'

ಹಾಗೆ ಶುರುವಾಯಿತು ಬರೆಯದಿರುವ ಪಾಠ.
ಹೆಸರು, ತಾರೀಕು, ಮೊತ್ತ ಮಾತ್ರ ಪೂರ್ತಿ.
ಉಳಿದದ್ದು ಓರೆಯಾಗಿ ಇಳಿಯಬೇಕು,
ಮಾಡಿನಿಂದ ನೀರು ಇಳಿದ ಹಾಗೆ:
ಯಾರು, ಅದರ ಕೆಳಗೆ ಏನು ಮಾಡಿದ್ದು,
ಇನ್ನೂ ಕೆಳಗೆ ಯಾರಿಗೆ.
ಒಬ್ಬರ ಮಾತು ಮುಗಿದರೆ ಅಡ್ಡಗೆರೆ.
'ಆದರೆ' ಎಂಬುದಕ್ಕೆ ನಾನು ಗಾಳ ಬರೆದೆ,
'ಆದ್ದರಿಂದ' ಎಂಬುದಕ್ಕೆ ಹಗ್ಗ,
ಸಾಲಕ್ಕೆ ಬಗ್ಗಿದ ಬೆನ್ನು.
ಮೌನಕ್ಕೆ ಸೊನ್ನೆ ಹಾಕಿದ್ದೆ. ಬಾಯಿ ಅದನ್ನು ಅಳಿಸಿದರು:
'ಸೊನ್ನೆಗೂ ಒಂದು ಬೆಲೆ ಉಂಟು.
ಅವನು ಸುಮ್ಮನಿದ್ದಷ್ಟು ಜಾಗ ಖಾಲಿ ಬಿಡು, ಸಾಕು.'

ಬಸ್ಸಿನಲ್ಲಿ ಕಂಡಕ್ಟರ್ ಬೈದರೆ ಟಿಕೆಟಿನ ಹಿಂದೆ,
ಅಮ್ಮ ಫೋನಿನಲ್ಲಿ ಚಿಕ್ಕಮ್ಮನ ದೂರು ಹೇಳಿದರೆ
ಹಾಲಿನ ಚೀಟಿಯ ಮೇಲೆ, ಗಾಳ, ಹಗ್ಗ, ಗಾಳ.
ತಿಂಗಳು ಕಳೆದ ಮೇಲೆ ಆ ಚೀಟಿ ಸಿಕ್ಕಿತು.
ಒಂದು ಗುರುತೂ ಅರ್ಥವಾಗಲಿಲ್ಲ.
'ಒಳ್ಳೆದಾಯ್ತು,' ಅಂದರು ಬಾಯಿ,
'ಅದು ಆ ಅರ್ಧ ಗಂಟೆಗೆ ಮಾತ್ರ ಇದ್ದದ್ದು.'

ಆಮೇಲೆ ಆ ಮಂಗಳವಾರ. ನಿಜವಾದ ಕೋರ್ಟು.
ಸಾಕ್ಷಿ ವಾಮನ ಸಾಲ್ಯಾನ್, ಧಕ್ಕೆಯಲ್ಲಿ ಬೋಟಿನ ಕೆಲಸ,
ಅಂಗಿಯ ತೋಳಿಗೆ ಒಂದು ಪರೆ ಇನ್ನೂ ಅಂಟಿತ್ತು.
ಐಸಿನ ಹಣ, ನಲವತ್ತೆರಡು ಸಾವಿರ, ಕಾಣೆ.
ತಂಡೇಲ ಮೋನಪ್ಪ ಆಚೆ ಬದಿಯ ಬೆಂಚಿನಲ್ಲಿ.
ಸಾಲ್ಯಾನ್ ತುಳುವಿನಲ್ಲಿ ನಾಲ್ಕು ನಿಮಿಷ ನಿಲ್ಲದೆ ಹೇಳಿದ.
ನನ್ನ ಪುಟ ಚಂದವಾಗಿ ಓರೆಯಾಗಿ ಇಳಿದಿತ್ತು,
ಎರಡು ಗಾಳ, ಒಂದು ಹಗ್ಗ, ಮೊತ್ತ ಪೂರ್ತಿ,
ತಳದಲ್ಲಿ, ಅವಸರದಲ್ಲಿ, ಅಕ್ಷರದಲ್ಲೇ: ದೆತ್ತೆ.

ತುಳು ಬಲ್ಲವರಿಗೆ ಗೊತ್ತು.
ಕೊನೆಯ ಎಕಾರಕ್ಕೆ ತುಟಿ
ಒಂದು ಕುಚ್ಚಲಕ್ಕಿ ಅಗುಳಿನಷ್ಟು ಹೆಚ್ಚು ತೆರೆದರೆ
ತೆಗೆದುಕೊಂಡವನು ನಾನು.
ತೆರೆಯದಿದ್ದರೆ ಅವನು.
ಕನ್ನಡದ ಲಿಪಿಯಲ್ಲಿ ಎರಡಕ್ಕೂ ಒಂದೇ ಕೊಂಡಿ.
ಕಿವಿ ಕೇಳಿತ್ತು. ಕೈ ಕೇಳಿರಲಿಲ್ಲ.
ಈಗ ಕಿವಿಯೂ ಕೈಯ ಕಡೆ ನೋಡುತ್ತಿತ್ತು.

ಟೈಪಿಸ್ಟಿನ ಬೆರಳು ಗಾಳಿಯಲ್ಲಿ ನಿಂತಿತು.
ಊಹಿಸಬಹುದಿತ್ತು, ಅವನ ಮುಖ ನೋಡಿ,
ಮೋನಪ್ಪನ ಮುಖ ನೋಡಿ.
ಒಂದು ಅಗುಳಿಗೆ ಮೂರು ವರ್ಷ ಜೈಲು.

'ಸ್ವಾಮಿ, ಈ ಮಾತನ್ನು ಸಾಕ್ಷಿಗೆ
ಇನ್ನೊಮ್ಮೆ ಕೇಳಬೇಕಾಗಿದೆ. ತಪ್ಪು ನನ್ನದು.'
ನ್ಯಾಯಾಧೀಶರು ಗಡಿಯಾರ ನೋಡಿದರು,
ವಕೀಲರೊಬ್ಬರು ನಕ್ಕರು. ಕೇಳಿದೆ.
ಸಾಲ್ಯಾನ್ ನನ್ನನ್ನೇ ನೋಡುತ್ತ,
ಮಗುವಿಗೆ ಹೇಳುವಂತೆ ಬಾಯಿ ಬಿಡಿಸಿ
ಮತ್ತೆ ಹೇಳಿದ.

ಯಾರೆಂದು ಕೇಳಬೇಡಿ. ಆ ಮಾತು ನನ್ನದಲ್ಲ.
ಪುಟವನ್ನು ಅಂದೇ ಎಂಟು ಚೂರು ಮಾಡಿ
ಕೋರ್ಟಿನ ಬುಟ್ಟಿಗೆ ಹಾಕಿ ಬಂದೆ.

ಸಂಜೆ ಮೆಟ್ಟಿಲು ಹತ್ತಿ ಎಲ್ಲ ಹೇಳಿದೆ,
ಹೆಸರು ಬಿಟ್ಟು, ಕೊನೆ ಬಿಟ್ಟು.
ಬಾಯಿ ಒಂದು ಮಾತೂ ಆಡದೆ
ನನ್ನ ಪುಸ್ತಕ ಎಳೆದುಕೊಂಡು ಎರಡು ಬಾಣ ಬರೆದರು,
ಒಂದರ ಮೂತಿ ಎದೆಯ ಕಡೆಗೆ, ಒಂದರದ್ದು ಕಿಟಕಿಯ ಕಡೆಗೆ.
ಆಮೇಲೆ ಕನ್ನಡಕ ತೆಗೆದು ಒರೆಸುತ್ತ ಕೂತರು,
ಎಷ್ಟೋ ಹೊತ್ತು.

ಅಷ್ಟು ಜಾಗ ಖಾಲಿ ಬಿಟ್ಟಿದ್ದೇನೆ.